ಶಾಲೆಯಲ್ಲಿ ಗುಂಡು ಹಾರಿಸುವ ಹುಡುಗರ ಸುಳಿವು ಮೊದಲೇ ಸಿಗುವುದಿಲ್ಲವೇ?

“ಅಮೆರಿಕದಲ್ಲಿ ಶಾಲೆಗೆ ನುಗ್ಗಿ ಗುಂಡು ಹಾರಿಸುವ ಹುಡುಗರು ಯಾಕೆ ಹಾಗೆ ಮಾಡುತ್ತಾರೆ? ಮೊದಲೇ ಯಾರಿಗೂ ಗೊತ್ತಾಗಲ್ವಾ?” ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಹೆಚ್ಚಾಗಿ ಪಕ್ಕದ ಬೆಂಚಿನವರಿಗೆ.

ನಾನು ಬೆಂಗಳೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಈ ವಿಷಯ ಓದಲು ಶುರು ಮಾಡಿದ್ದಕ್ಕೆ ಒಂದು ಕಾರಣವಿದೆ, ಆಮೇಲೆ ಹೇಳುತ್ತೇನೆ.

1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ ಇಬ್ಬರು ಹುಡುಗರು 12 ವಿದ್ಯಾರ್ಥಿಗಳನ್ನೂ ಒಬ್ಬ ಮೇಷ್ಟ್ರನ್ನೂ ಕೊಂದರು. ವಾರದೊಳಗೇ ಕಾರಣಗಳ ಸಂತೆ ನೆರೆಯಿತು. ಉದ್ದ ಕೋಟಿನ ಗ್ಯಾಂಗು, ವಿಡಿಯೊ ಗೇಮು, ರಾಕ್ ಸಂಗೀತ. ಡೈರಿಗಳು ಹೊರಬಂದಾಗ ನೋಡಿದರೆ, ಒಬ್ಬ ಎಲ್ಲರ ಮೇಲೂ ವಿಷ ಕಾರಿದ್ದ, ಇನ್ನೊಬ್ಬ ತಾನೇ ಸಾಯಬೇಕು ಅಂತ ಬರೆದುಕೊಂಡಿದ್ದ. ಸುಳಿವು ಮಾತ್ರ 1998ರಲ್ಲೇ ಪೊಲೀಸರ ಕೈಯಲ್ಲಿತ್ತು. ಒಬ್ಬನ ವೆಬ್‌ಸೈಟಿನಲ್ಲಿದ್ದ ಬೆದರಿಕೆಗಳ ಬಗ್ಗೆ ಸಹಪಾಠಿಯ ಮನೆಯವರು ದೂರು ಕೊಟ್ಟಿದ್ದರು. ಮನೆ ತಪಾಸಣೆಗೆ ಅರ್ಜಿಯೂ ತಯಾರಾಗಿತ್ತು. ಅದು ಜಡ್ಜ್ ಮುಂದೆ ಹೋಗಲೇ ಇಲ್ಲ.

ಆಮೇಲೆ ಅಲ್ಲಿನ ಸೀಕ್ರೆಟ್ ಸರ್ವಿಸ್ (ಅಧ್ಯಕ್ಷರನ್ನು ಕಾಯುವ ಸಂಸ್ಥೆ) ಮತ್ತು ಶಿಕ್ಷಣ ಇಲಾಖೆ ಸೇರಿ ಇಂಥ 37 ದಾಳಿಗಳನ್ನು ಕೆದಕಿ 2002ರಲ್ಲಿ ವರದಿ ಕೊಟ್ಟವು. ಐದರಲ್ಲಿ ನಾಲ್ಕು ದಾಳಿಗಳು ಕನಿಷ್ಠ ಒಬ್ಬರಿಗೆ ಮೊದಲೇ ಗೊತ್ತಿದ್ದವು. ಇಂಥವನೇ ಮಾಡುತ್ತಾನೆ ಅನ್ನುವ ಅಚ್ಚು ಸಿಗಲಿಲ್ಲ, ಒಳ್ಳೆ ಮಾರ್ಕ್ಸ್ ತೆಗೆಯುವವರೂ ಇದ್ದರು. ಜಾಸ್ತಿ ಜನರಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲೋ ನೆಂಟರ ಮನೆಯಲ್ಲೋ. (2007ರಲ್ಲಿ ನಮ್ಮ ಗುರುಗ್ರಾಮದ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿನ ಹುಡುಗನ ಕೊಲೆಯಾಯಿತಲ್ಲ, ಆ ಪಿಸ್ತೂಲೂ ಕೊಂದ ಸಹಪಾಠಿಗಳಲ್ಲಿ ಒಬ್ಬನ ಅಪ್ಪನದೇ.)

ಈಗ ನನ್ನ ಕಾರಣ. ಎಂಟು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಗ್ರಾಫ್ ಶೀಟ್ ಕೇಳುವ ನೆಪದಲ್ಲಿ ಸ್ಟಾಫ್ ರೂಮಿಗೆ ಬಂದಳು. “ಸಾರ್, ನಾನು ಹೇಳ್ದೆ ಅಂತ ಹೇಳ್ಬೇಡಿ” ಅಂತ ಸಹಪಾಠಿ ಹುಡುಗನೊಬ್ಬನ ರಫ್ ನೋಟ್‌ಬುಕ್ ಮುಂದಿಟ್ಟಳು. ಕೊನೆ ಪುಟದಲ್ಲಿ ಆರು ಹೆಸರು. ಪೆನ್ನು ಒತ್ತಿ ಒತ್ತಿ ಗೀಚಿ ಎರಡು ಕಡೆ ಹಾಳೆ ಹರಿದಿತ್ತು. ಐದನೆಯದು ನನ್ನ ಹೆಸರು, ಇನಿಷಿಯಲ್ ಸಮೇತ. ಹುಡುಗನ ಜಾಮಿಟ್ರಿ ಬಾಕ್ಸಿನಲ್ಲಿ ಹಣ್ಣು ಹೆಚ್ಚುವ ಪುಟ್ಟ ಚಾಕು ಇತ್ತು.

ಮಾರನೇ ದಿನ ಮೀಟಿಂಗು. ಅವನು ತಿಂಗಳುಗಟ್ಟಲೆಯಿಂದ ನಲ್ಲಿ ಹತ್ತಿರ ಒಬ್ಬನೇ ಕೂತು ಊಟ ಮಾಡುತ್ತಿದ್ದ ಅಂತ ಪಿ.ಟಿ. ಮೇಷ್ಟ್ರು ಅಂದರು. ದಸರಾ ರಜೆ ಮುಗಿದ ಮೇಲೆ ಒಂದಕ್ಷರ ಬರೆದಿಲ್ಲ ಅಂದರು ಕನ್ನಡ ಮಿಸ್. ಹಿಂದಿನ ಸೀಟಿನವರು ಹೊಡೆಯುತ್ತಾರೆ ಅಂತ ಬಸ್ಸಿನಲ್ಲಿ ತನಗೆ ಅಂಟಿಕೊಂಡೇ ಕೂರುತ್ತಿದ್ದ ಅಂದರು ಆಯಾ. ಒಬ್ಬೊಬ್ಬರ ಹತ್ತಿರ ಒಂದೊಂದು ಚೂರು. ನಾನು ಬೋರ್ಡಿನ ಹತ್ತಿರ ನಿಲ್ಲಿಸಿ ಅವನ ಲೆಕ್ಕಕ್ಕೆ ನಗಾಡಿದ್ದೂ ಒಂದು ಚೂರೇ. ಅದನ್ನು ನಾನು ಅಲ್ಲಿ ಹೇಳಲಿಲ್ಲ.

ಟಿ.ಸಿ. ಕೊಟ್ಟು ಕಳಿಸಿ ಅಂದಿತು ಆಡಳಿತ ಮಂಡಳಿ. ಸುಮ್ನೆ ತಲೆಯಾಡಿಸಿದೆ. ನಮ್ಮ ಪಾಲಿಗೆ ಕಥೆ ಮುಗಿದಿತ್ತು ಅಲ್ವಾ? 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡಿನಲ್ಲಿ 17 ಜನರನ್ನು ಕೊಂದವನನ್ನೂ ಆ ಶಾಲೆ ಹಿಂದಿನ ವರ್ಷವೇ ಸಾಗಹಾಕಿತ್ತು. ಅವನ ಬಗ್ಗೆ ಐದಾರು ವಾರ ಮೊದಲು ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಬಂದ ಫೋನಿನ ವಿಷಯ, ವಿಚಾರಿಸಬೇಕಿದ್ದ ಅದರ ಮಯಾಮಿ ಕಚೇರಿಗೆ ತಲುಪಿರಲಿಲ್ಲ.

ಹುಡುಗಿ ವಾರ ಬಿಟ್ಟು ಕಾರಿಡಾರಿನಲ್ಲಿ ಸಿಕ್ಕಳು. “ಅವನಿಗೆ ಏನಾದ್ರೂ ಮಾಡಿ ಅಂತ ಹೇಳಿದ್ದು ಸಾರ್, ಓಡಿಸಿ ಅಂತ ಅಲ್ಲ” ಅಂದಳು. ಹತ್ತನೇ ಕ್ಲಾಸು ಮುಗಿಸಿ ಹೋಗುವವರೆಗೂ ಮತ್ತೆ ನನಗೆ ಯಾರ ವಿಷಯವನ್ನೂ ಹೇಳಲಿಲ್ಲ.