ಸಂಪಾದಕರ ಉತ್ತರ: ಬಾರುಕೋಲಿನ ಸದ್ದು, ತಟ್ಟೆಯ ಮೇಲಿನ ರೊಟ್ಟಿ

ಆಸ್ಟ್ರೇಲಿಯಾದಲ್ಲಿರುವ ಮಗಳ ಮನೆಗೆ ಹೋಗಿ ಬಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಗೋಲ್ಡ್ ಕೋಸ್ಟ್ ಬಳಿಯ ಆಕ್ಸೆನ್‌ಫರ್ಡ್‌ನಲ್ಲಿ ಊಟ ಮಾಡುತ್ತ ಕುದುರೆ ಸವಾರಿಯ ಪ್ರದರ್ಶನ ನೋಡಿದೆವು. ಸವಾರರು ಬಾರುಕೋಲು ಬೀಸಿ ದನ ಅಟ್ಟುವಾಗ ಮೊಮ್ಮಗಳು ಕಿವಿ ಮುಚ್ಚಿಕೊಂಡು ಅತ್ತಳು. ಮೂಕ ಪ್ರಾಣಿಗಳಿಗೆ ಹೊಡೆಯುವುದನ್ನು ಉಣ್ಣುತ್ತ ನೋಡಬೇಕೆ? ಅಷ್ಟು ಮೆರೆಸುವಂಥದ್ದು ಅದರಲ್ಲೇನಿದೆ? ನಮಗೂ ಅದಕ್ಕೂ ಏನು ಸಂಬಂಧ?”

ಮಾನ್ಯರೆ, ಮೊದಲು ಮೊಮ್ಮಗಳಿಗೆ ಸಮಾಧಾನ ಹೇಳಿ. ಆ ಸದ್ದು ಏಟಿನದಲ್ಲ, ಗಾಳಿಯದು. ಅಲ್ಲಿನ ಬಾರುಕೋಲಿನ ಹಿಡಿ ಒಂದೂವರೆ ಅಡಿ. ಎರಡು ಚರ್ಮದ ಕುಣಿಕೆಗಳ ಮೂಲಕ ಅದಕ್ಕೆ ಆರೆಂಟು ಅಡಿಯ ಬಾರು ಸೇರುತ್ತದೆ. ಕಾಂಗರೂ ಚರ್ಮದ ಎಳೆಗಳನ್ನು ಜಡೆಯಂತೆ ಹೆಣೆದದ್ದು, ಹೋಗುತ್ತ ಹೋಗುತ್ತ ಸಣ್ಣಗಾಗುತ್ತದೆ. ಅದರ ತುದಿಗೆ ಹೆಣೆಯದ ಒಂಟಿ ಪಟ್ಟಿ, ಪಟ್ಟಿಯ ಕೊನೆಗೆ ಗೇಣುದ್ದದ ಹುರಿದಾರ. ಸವಾರ ಕೈ ಬೀಸಿ ಮಣಿಕಟ್ಟು ತಿರುಗಿಸಿದಾಗ ಬಾರಿನಲ್ಲೊಂದು ಬಾಗು ಹುಟ್ಟಿ ತುದಿಯ ಕಡೆಗೆ ಓಡುತ್ತದೆ. ಬಾರು ಸಣ್ಣಗಾದಷ್ಟೂ ತೂಕ ಕಡಿಮೆ, ವೇಗ ಹೆಚ್ಚು. ಕೊನೆಗೆ ಹುರಿದಾರವು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ದಾಟಿದಾಗ ‘ಚಟೀರ್’ ಎನ್ನುತ್ತದೆ. ದನದ ಬಲಗಡೆ ಸದ್ದಾದರೆ ಅದು ಎಡಕ್ಕೆ ಹೊರಳುತ್ತದೆ. ಅಷ್ಟೇ ಅದರ ಕೆಲಸ. ಮೈಗೆ ತಾಗಿದರೆ ಚರ್ಮ ಕಿತ್ತು ಬರುತ್ತದೆ. ಕೆಲಸ ಬಲ್ಲವನು ತಾಗಿಸುವುದಿಲ್ಲ.

ಪೆಟ್ಟು ತಿನ್ನುವವನು ಹೆಚ್ಚಾಗಿ ಕಲಿಯುವವನೇ. ತೋಳಿನ ಬಲ ಹಾಕಿ ಎಳೆದರೆ ಬಾಗು ತುದಿ ಮುಟ್ಟುವ ಮೊದಲೇ ಬಾರು ಹಿಂದಿರುಗಿ ಅವನ ಕಿವಿಗೆ ಬಡಿಯುತ್ತದೆ. ಅದಕ್ಕೇ ಅಗಲ ಅಂಚಿನ ಟೋಪಿ, ಕನ್ನಡಕ ಹಾಕಿಕೊಂಡು ಕಲಿಯುತ್ತಾರೆ. ಹುರಿದಾರ ಸವೆದರೆ ಸದ್ದು ಮಂಕಾಗುತ್ತದೆ. ಆಗಲೇ ಬದಲಿಸದಿದ್ದರೆ ಪಟ್ಟಿಯ ತುದಿಯೇ ಸೀಳುತ್ತದೆ. ಕುದುರೆಗೂ ಪಾಠವಿದೆ: ಮೊದಲು ಸದ್ದಿಲ್ಲದೆ ಬೀಸಿ ತೋರಿಸುವುದು, ಆಮೇಲೆ ದೂರದಲ್ಲಿ ಸಿಡಿಸುವುದು, ಹತ್ತಿರ ತರುವುದು ಕೊನೆಗೆ.

ಮೆರೆಸುವಂಥದ್ದು ಏನು ಎಂದು ಕೇಳಿದಿರಿ. ಮುಂದಿನ ಸಲ ಸವಾರನನ್ನು ಬಿಟ್ಟು ಕುದುರೆಯ ಹೆಗಲನ್ನು ನೋಡಿ. ದನದ ಹೆಗಲಿಗಿಂತ ಸ್ವಲ್ಪ ಹಿಂದೆ ಕುದುರೆ ಇದ್ದರೆ ದನ ಮುಂದೆ ಹೋಗುತ್ತದೆ. ಹೆಗಲು ದಾಟಿ ಮುಂದೆ ಬಂದರೆ ತಿರುಗುತ್ತದೆ. ಒಂದು ಹೆಜ್ಜೆ ಹೆಚ್ಚಾದರೆ ದನ ಕುದುರೆಯ ಬೆನ್ನ ಹಿಂದಿನಿಂದ ನುಸುಳಿ ಓಡುತ್ತದೆ. ಸವಾರ ಲಗಾಮು ಎಳೆದು ಹೇಳುವಷ್ಟು ಹೊತ್ತಿರುವುದಿಲ್ಲ, ಕುದುರೆಯೇ ಹಿಂಗಾಲುಗಳ ಮೇಲೆ ಕುಸಿದು ಹೊರಳಬೇಕು. ಅವರ ಜೀನಿನಲ್ಲಿ ಕೂರುವ ಜಾಗ ಆಳವಾಗಿದ್ದು, ಮುಂದೆ ಮೊಣಕಾಲು ತಡೆಯುವ ಎರಡು ದಿಂಬುಗಳಿರುವುದು ಆ ಹೊರಳಿನಲ್ಲಿ ಸವಾರ ಹಾರಿ ಬೀಳದಿರಲೆಂದು.

ಈ ದುಡಿಮೆಯೇ ‘ಕ್ಯಾಂಪ್‌ಡ್ರಾಫ್ಟ್’ ಎಂಬ ಪಂದ್ಯವಾಗಿದೆ. 1885ರಲ್ಲಿ ನ್ಯೂ ಸೌತ್ ವೇಲ್ಸ್‌ನ ಟೆಂಟರ್‌ಫೀಲ್ಡ್‌ನಲ್ಲಿ ಮೊದಲು ನಡೆಯಿತು. ದೊಡ್ಡಿಯಲ್ಲಿರುವ ಹಿಂಡಿನಿಂದ ಒಂದು ದನವನ್ನು ಬೇರ್ಪಡಿಸಬೇಕು, ಅದು ಹಿಂಡಿಗೆ ಮರಳದಂತೆ ಎರಡು ಮೂರು ಸಲ ತಡೆಯಬೇಕು, ಆಮೇಲೆ ‘ಗೇಟ್’ ಎಂದು ಕೂಗಿ ಹೊರಗೆ ತಂದು ಎರಡು ಗೂಟಗಳನ್ನು ಎಂಟರ ಆಕಾರದಲ್ಲಿ ಸುತ್ತಿಸಬೇಕು. ನೂರು ಅಂಕದಲ್ಲಿ ಬೇರ್ಪಡಿಸಿದ್ದಕ್ಕೆ 26, ಓಟದ ದಾರಿಗೆ 4, ಉಳಿದ 70 ಕುದುರೆಯ ಕೆಲಸಕ್ಕೆ. ಮೆಚ್ಚುಗೆ ಯಾರಿಗೆ ಸಲ್ಲಬೇಕೆಂದು ಆ ಲೆಕ್ಕವೇ ಹೇಳುತ್ತದೆ.

ನಮಗೂ ಸಂಬಂಧವಿದೆ. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ‘ವೇಲರ್’ ಎಂದು ಹೆಸರಾದ ಕುದುರೆಗಳು ಮದ್ರಾಸು, ಕಲ್ಕತ್ತಾ ಬಂದರುಗಳಲ್ಲಿ ಇಳಿದು ಇಲ್ಲಿನ ಅಶ್ವದಳಗಳಿಗೆ ಹೋಗುತ್ತಿದ್ದವು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ನಗರವನ್ನು ಜೋಧಪುರದವರ ಜೊತೆ ಗೆದ್ದ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳ ಇದ್ದದ್ದು ಆಸ್ಟ್ರೇಲಿಯಾದ ಹ್ಯಾರಿ ಶೋವೆಲ್ ಅವರ ಸೇನಾ ವಿಭಾಗದಲ್ಲೇ. ಬೆಂಗಳೂರಿನ ಜೆ.ಸಿ. ನಗರದಲ್ಲಿ ನಮ್ಮವರ ಸ್ಮಾರಕವಿದೆ.

ಊಟದ ಮಾತು. ಇಂಥ ಕಡೆ ಮುಖ್ಯ ಊಟ ಸಾಮಾನ್ಯವಾಗಿ ದನದ ಮಾಂಸದ್ದು. ಬೇಡವಾದರೆ ಟಿಕೆಟ್ ಕಾಯ್ದಿರಿಸುವಾಗಲೇ ಹೇಳಿ. ನೂರಾರು ಜನಕ್ಕೆ ಒಟ್ಟಿಗೆ ಬಡಿಸುವುದರಿಂದ ತಟ್ಟೆ ಬಂದ ಮೇಲೆ ಬದಲಿಸುವುದು ಕಷ್ಟ. ಪಾವ್ಲೋವಾ ಎಂಬ ಸಿಹಿಯಲ್ಲಿ ಮೊಟ್ಟೆಯ ಬಿಳಿಯಿದೆ. ಡ್ಯಾಂಪರ್ ರೊಟ್ಟಿ, ತಗಡಿನ ಡಬ್ಬಿಯಲ್ಲಿ ಕುದಿಸಿದ ಚಹಾ ಇವಕ್ಕೆ ಅಡ್ಡಿಯಿಲ್ಲ.

ಆದರೆ ಆ ರೊಟ್ಟಿ, ಚಹಾ ಕೈಗೆ ಬಂದಾಗ ಒಂದು ವಿಷಯ ನೆನಪಿರಲಿ. ಉತ್ತರದ ದೊಡ್ಡ ದನದ ಹಟ್ಟಿಗಳಲ್ಲಿ ಕುದುರೆ ಏರಿ ದುಡಿದವರಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳು. ಅವರಲ್ಲಿ ಅನೇಕರ ಕೂಲಿಯೆಂದರೆ ಹಿಟ್ಟು, ಸಕ್ಕರೆ, ಚಹಾ, ಒಂದಿಷ್ಟು ಮಾಂಸ. ಹಣ ಕೊಟ್ಟರೂ ಬಿಳಿಯರಿಗಿಂತ ತೀರ ಕಡಿಮೆ. 1966ರ ಆಗಸ್ಟ್‌ನಲ್ಲಿ ವಿನ್ಸೆಂಟ್ ಲಿಂಗಿಯಾರಿ ಅವರ ಮುಂದಾಳತ್ವದಲ್ಲಿ ಗುರಿಂಜಿ ಎಂಬ ಮೂಲನಿವಾಸಿ ಜನ ವೇವ್ ಹಿಲ್ ಎಂಬ ಹಟ್ಟಿಯ ಕೆಲಸ ಬಿಟ್ಟು ಹೊರನಡೆದರು. ಕೂಲಿಗಾಗಿ ಎದ್ದ ದನಿ ನೆಲದ ಹಕ್ಕಿನ ಹೋರಾಟವಾಯಿತು. ಒಂಬತ್ತು ವರ್ಷ ಕಾದ ಮೇಲೆ, 1975ರಲ್ಲಿ, ಪ್ರಧಾನಿ ಗಫ್ ವಿಟ್ಲಮ್ ಒಂದು ಹಿಡಿ ಮಣ್ಣನ್ನು ಲಿಂಗಿಯಾರಿ ಅವರ ಅಂಗೈಗೆ ಸುರಿದು ನೆಲ ಮರಳಿಸಿದರು. ಮೊದಲ ವಲಸಿಗರ ಸಾಹಸವನ್ನಷ್ಟೇ ಹಾಡಿ ಇವರನ್ನು ಬಿಡುವ ಪ್ರದರ್ಶನ ಎಷ್ಟು ಚೆಂದವಿದ್ದರೂ ಅರ್ಧವೇ ಎಂಬುದು ನಮ್ಮ ಅಭಿಪ್ರಾಯ.

ಮೊಮ್ಮಗಳಿಗೆ ಡ್ಯಾಂಪರ್ ರುಚಿಸಿದ್ದರೆ ಮನೆಯಲ್ಲೇ ಮಾಡಬಹುದು. ಮೂರು ಕಪ್ ಮೈದಾಕ್ಕೆ ಆರು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು, ಒಂದು ಕಪ್‌ಗಿಂತ ತುಸು ಹೆಚ್ಚು ನೀರು. ಚಪಾತಿ ಹಿಟ್ಟಿನಂತೆ ನಾದಬೇಡಿ, ಗಟ್ಟಿಯಾಗುತ್ತದೆ, ಒಟ್ಟುಗೂಡಿದರೆ ಸಾಕು. ದಪ್ಪ ತಳದ ಮುಚ್ಚಳದ ಪಾತ್ರೆಯಲ್ಲಿಟ್ಟು ಕೆಳಗೆ ಕೆಂಡ ಕಡಿಮೆ, ಮುಚ್ಚಳದ ಮೇಲೆ ಹೆಚ್ಚು. ಕೆಳಗೆ ಹೆಚ್ಚಾದರೆ ತಳ ಕರಿಯಾಗಿ ನಡುಭಾಗ ಹಸಿ ಉಳಿಯುತ್ತದೆ. ಅರ್ಧ ಗಂಟೆಯ ನಂತರ ಮಗುಚಿ ತಳವನ್ನು ಬೆರಳಿನಿಂದ ತಟ್ಟಿ; ಟೊಳ್ಳು ಸದ್ದು ಬಂದರೆ ಬೆಂದಿದೆ.