ಮೊದಲ ಸೆಮಿಸ್ಟರಿಗೇ 18 ಕ್ರೆಡಿಟ್ ಬೇಕೇ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರು. ವೈದ್ಯಳಾಗಬೇಕೆಂದಿರುವ ಮಗಳು ಈ ಆಗಸ್ಟಿನಲ್ಲಿ ಕಾಲೇಜು ಸೇರುತ್ತಿದ್ದಾಳೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ಭೌತಶಾಸ್ತ್ರ, ಕ್ಯಾಲ್ಕುಲಸ್ ಹಾಗೂ ಇಂಗ್ಲಿಷ್ ಬರವಣಿಗೆ ಸೇರಿ 18 ಕ್ರೆಡಿಟ್ (ಕೋರ್ಸಿನ ಭಾರವನ್ನು ಅಳೆಯುವ ಅಂಕ) ತೆಗೆದುಕೊಳ್ಳಲಿ ಎನ್ನುವುದು ನನ್ನ ಅಭಿಪ್ರಾಯ. ಪಿಯುಸಿಯಲ್ಲಿ ನಾವು ಪಿಸಿಎಂಬಿ ಒಟ್ಟಿಗೇ ಓದಿದವರಲ್ಲವೇ? ಆದರೆ ಅವಳು ಹಿಂಜರಿಯುತ್ತಿದ್ದಾಳೆ. ತಮ್ಮ ಸಲಹೆಯೇನು?

ಉತ್ತರ: ಅವಳ ಹಿಂಜರಿಕೆಯೇ ಸರಿ. ನಮ್ಮಲ್ಲಿ ಪಿಯುಸಿ ಮೊದಲ ವರ್ಷ ಎಡವಿದರೂ ಮುಂದಿನ ವರ್ಷದ ಪರೀಕ್ಷೆಯನ್ನೂ ಪ್ರವೇಶ ಪರೀಕ್ಷೆಯನ್ನೂ ಚೆನ್ನಾಗಿ ಬರೆದವರಿಗೆ ಸೀಟು ಸಿಗುತ್ತಿತ್ತು. ಅಲ್ಲಿ ಹಾಗಲ್ಲ, ವೈದ್ಯಕೀಯ ಕಾಲೇಜು ಸೇರುವುದು ಪದವಿ ಮುಗಿಸಿದ ಮೇಲೆ. ಎಂ.ಡಿ. (ಅಲ್ಲಿ ಇದೇ ಮೊದಲ ವೈದ್ಯ ಪದವಿ) ಕೊಡುವ ಬಹುತೇಕ ಕಾಲೇಜುಗಳ ಅರ್ಜಿಗಳು ಹಾದುಹೋಗುವ ಆಮ್‌ಕಾಸ್ ವ್ಯವಸ್ಥೆಯು ಮೊದಲ ಸೆಮಿಸ್ಟರಿನಿಂದ ಹಿಡಿದು ಎಲ್ಲ ಗ್ರೇಡುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ವಿಜ್ಞಾನ ಮತ್ತು ಗಣಿತದ ಸರಾಸರಿಯನ್ನು ಬೇರೆಯಾಗಿಯೇ ತೋರಿಸುತ್ತದೆ, ಮತ್ತು ಒಂದು ವಿಷಯವನ್ನು ಮತ್ತೊಮ್ಮೆ ಓದಿ ‘ಎ’ ಪಡೆದರೂ ಹಳೆಯ ಗ್ರೇಡನ್ನು ಕೈಬಿಡದೆ ಎರಡನ್ನೂ ಕೂಡಿಸುತ್ತದೆ.

ಪೂರ್ಣಾವಧಿ ವಿದ್ಯಾರ್ಥಿಗೆ ಸಾಮಾನ್ಯವಾಗಿ 12 ಕ್ರೆಡಿಟ್ ಸಾಕು; 120 ಕ್ರೆಡಿಟಿನ ಪದವಿಯನ್ನು ನಾಲ್ಕು ವರ್ಷದಲ್ಲಿ ಮುಗಿಸಲು ಸೆಮಿಸ್ಟರಿಗೆ 15ರ ಸರಾಸರಿ ಬೇಕು. ಆದರೆ ಕ್ರೆಡಿಟ್ ಸಂಖ್ಯೆ ದುಡಿಮೆಯನ್ನು ಪೂರ್ತಿ ಹೇಳುವುದಿಲ್ಲ. ವಾರಕ್ಕೆ ಮೂರು ಗಂಟೆ ನಡೆಯುವ ಲ್ಯಾಬಿಗೆ ಎಷ್ಟೋ ಕಡೆ ಸಿಗುವುದು ಒಂದೇ ಕ್ರೆಡಿಟ್, ಅದರ ವರದಿ ಬರೆಯುವ ಸಮಯವಂತೂ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಅಂಥ ಲ್ಯಾಬುಗಳು ಮೂರಿವೆ.

ನಾನಾದರೆ ಭೌತಶಾಸ್ತ್ರವನ್ನು ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಮುಂದೂಡುತ್ತೇನೆ. ರಸಾಯನಶಾಸ್ತ್ರವನ್ನು ಮಾತ್ರ ಮುಂದೂಡಬಾರದು. ಸಾಮಾನ್ಯ ರಸಾಯನಶಾಸ್ತ್ರ ಎರಡು ಸೆಮಿಸ್ಟರ್, ಅದರ ಮೇಲೆ ಸಾವಯವ ರಸಾಯನಶಾಸ್ತ್ರ, ಆಮೇಲಷ್ಟೇ ವೈದ್ಯಕೀಯ ಪ್ರವೇಶಕ್ಕೆ ಬರೆಯುವ ಎಂಕ್ಯಾಟ್ ಪರೀಕ್ಷೆಯಲ್ಲಿ ಬಹಳ ಮುಖ್ಯವಾದ ಜೀವರಸಾಯನಶಾಸ್ತ್ರ. ಮೊದಲ ಭಾಗವನ್ನು ಆಗಸ್ಟಿನಲ್ಲಿ ಮಾತ್ರ ಆರಂಭಿಸುವ ಕಾಲೇಜಾದರೆ, ಈಗ ತಪ್ಪಿಸಿದವರು ಒಂದಿಡೀ ವರ್ಷ ಹಿಂದೆ ಬೀಳುತ್ತಾರೆ. ಆದ್ದರಿಂದ ಲ್ಯಾಬ್ ಸಹಿತ ರಸಾಯನಶಾಸ್ತ್ರ, ಕ್ಯಾಲ್ಕುಲಸ್ ಅಥವಾ ಸಂಖ್ಯಾಶಾಸ್ತ್ರ, ಬರವಣಿಗೆ, ಇವು ಖಚಿತವಾಗಿರಲಿ. ಗಣಿತದಲ್ಲಿ ಗಟ್ಟಿಯಾಗಿದ್ದರೆ ಜೀವಶಾಸ್ತ್ರವನ್ನೂ ಸೇರಿಸಬಹುದು. ಇಲ್ಲವಾದರೆ ಅದರ ಬದಲು ಮನಶ್ಶಾಸ್ತ್ರವಿರಲಿ. 2015ರಿಂದ ಎಂಕ್ಯಾಟಿನ ನಾಲ್ಕು ವಿಭಾಗಗಳಲ್ಲೊಂದು ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರಕ್ಕೇ ಸಂಬಂಧಿಸಿರುವುದರಿಂದ ಇದನ್ನು ಕಾಲಹರಣವೆಂದು ತಿಳಿಯಬೇಕಾಗಿಲ್ಲ. ಎರಡು ಬಗೆಯಲ್ಲಿಯೂ 14ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಂದಹಾಗೆ, ಪ್ರಿಮೆಡ್ ಎನ್ನುವುದು ವೈದ್ಯಕೀಯ ಕಾಲೇಜಿಗೆ ಮಾಡಿಕೊಳ್ಳುವ ಸಿದ್ಧತೆಯೇ ಹೊರತು ಒಂದು ಪದವಿಯ ಹೆಸರಲ್ಲ. ಅಗತ್ಯ ವಿಷಯಗಳನ್ನು ಮುಗಿಸಿದರೆ ಅವಳು ಇತಿಹಾಸದಲ್ಲಿಯೂ ಪದವಿ ಪಡೆಯಬಹುದು.

ಹೈಸ್ಕೂಲಿನಲ್ಲಿಯೇ ಕಾಲೇಜು ಮಟ್ಟದ ಕೋರ್ಸ್ ಓದಿ ಪಡೆದ ಎಪಿ ಕ್ರೆಡಿಟ್ ಇದ್ದರೆ ಸ್ವಲ್ಪ ಎಚ್ಚರಿಕೆ ಬೇಕು. ಪದವಿ ಕಾಲೇಜು ಒಪ್ಪಿದ್ದನ್ನು ಎಲ್ಲ ವೈದ್ಯಕೀಯ ಕಾಲೇಜುಗಳೂ ಒಪ್ಪುವುದಿಲ್ಲ, ಕೆಲವು ಅದೇ ವಿಷಯದ ಮೇಲಿನ ಹಂತದ ಕೋರ್ಸನ್ನು ಕೇಳುತ್ತವೆ.

ನೋಂದಣಿಗೆ ಮುಂಚೆ ಅವಳು ವೈದ್ಯಕೀಯ ಓದಿಗೆ ಸಿದ್ಧರಾಗುವವರಿಗೆ ದಾರಿ ತೋರುವ ಕಾಲೇಜಿನ ಪ್ರಿಹೆಲ್ತ್ ಸಲಹೆಗಾರರನ್ನು ಕಂಡು, ರಸಾಯನಶಾಸ್ತ್ರದ ಸರಣಿ ಯಾವ ಸೆಮಿಸ್ಟರಿನಲ್ಲಿ ಆರಂಭವಾಗುತ್ತದೆ, ಕೋರ್ಸಿನಿಂದ ಹಿಂದೆ ಸರಿಯಲು ಕೊನೆಯ ದಿನ ಯಾವುದು ಎಂಬೆರಡನ್ನಾದರೂ ಕೇಳಿಕೊಳ್ಳಲಿ. ಆ ದಿನ ಮೊದಲ ಪರೀಕ್ಷೆಯ ಫಲಿತಾಂಶದ ನಂತರ ಬರುವುದಾದರೆ, ತೀರ ಕೆಟ್ಟ ಗ್ರೇಡಿನ ಬದಲು ಹಿಂದೆ ಸರಿದದ್ದನ್ನು ಸೂಚಿಸುವ ಒಂದು ‘ಡಬ್ಲ್ಯು’ ಗುರುತು ಪಡೆದು ಹೊರಬರುವ ದಾರಿ ಅವಳಿಗಿರುತ್ತದೆ; ಆದರೆ 14ರಲ್ಲಿ ಒಂದು ಕೋರ್ಸ್ ಬಿಟ್ಟರೆ ಒಟ್ಟು 12ಕ್ಕಿಂತ ಕೆಳಗಿಳಿಯಬಹುದು, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು, ಏಕೆಂದರೆ ವಿದ್ಯಾರ್ಥಿವೇತನದ ಷರತ್ತುಗಳು ಹೆಚ್ಚಾಗಿ ಆ ಸಂಖ್ಯೆಗೇ ಕಟ್ಟಿಕೊಂಡಿರುತ್ತವೆ.