ಬಾಡಿಗೆ ಮನೆ ಖಾಲಿಯಾದಾಗ ಜಿರಳೆ, ತಿಗಣೆಗೆ ಔಷಧಿ ಹೊಡೆಸಬೇಕಾ? ಯಾರು ಹೊಡೆಸಬೇಕು?

ಹೊಡೆಸಬೇಕು. ಅದಕ್ಕೆ ಒಳ್ಳೆಯ ಸಮಯ ಹಳಬರು ಹೋಗಿ ನಿಮ್ಮ ಸಾಮಾನು ಬರುವ ನಡುವಿನ ನಾಲ್ಕೈದು ದಿನ. ಬೆಂಗಳೂರಿನಲ್ಲಿ ಮನೆ ಬಿಡುವವರ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಮಾಮೂಲು, ಅಲ್ವಾ? ಅದೇ ದುಡ್ಡಿನಲ್ಲಿ ಇದನ್ನೂ ಮಾಡಿಸಿಕೊಡಿ ಎಂದು ಓನರ್‌ಗೆ ಟೋಕನ್ ಕೊಡುವ ಮುಂಚೆಯೇ ಕೇಳಿ. ಆಮೇಲೆ ಕೇಳಿದರೆ "ನೋಡೋಣ" ಅನ್ನುತ್ತಾರೆ, ಅಷ್ಟೇ.

ಮನೆ ನೋಡಲು ಹೋದಾಗ ಅಡುಗೆಮನೆ ಕಬೋರ್ಡ್ ತೆಗೆದು ಕೀಲಿನ ಹತ್ತಿರ ಟಾರ್ಚ್ ಬಿಡಿ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಂಡರೆ ಅದು ಜಿರಳೆ ಹಿಕ್ಕೆ. ಅಲ್ಲಿಗೆ ಜೆಲ್ (ಜಿರಳೆ ತಿಂದು ಸಾಯುವ ವಿಷದ ಅಂಟು) ಚುಕ್ಕಿ ಇಡಿಸಿ. ಅದರ ಮೇಲೆ ಸ್ಪ್ರೇ ಮಾತ್ರ ಹೊಡೆಯಬೇಡಿ, ಹೊಡೆದರೆ ಜಿರಳೆ ಜೆಲ್ ಮುಟ್ಟುವುದೇ ಇಲ್ಲ.

ತಿಗಣೆ ಬೇರೆಯೇ ಕಥೆ. ಮನೆ ಎರಡು ತಿಂಗಳು ಖಾಲಿ ಇತ್ತು, ತಿಗಣೆ ಸತ್ತಿರುತ್ತವೆ ಎಂದು ನಂಬಬೇಡಿ, ರಕ್ತ ಸಿಗದಿದ್ದರೂ ಅವು ತಿಂಗಳುಗಟ್ಟಲೆ ಬದುಕುತ್ತವೆ. ಔಷಧಿಗೆ ಮೊಟ್ಟೆ ಪೂರ್ತಿ ಸಾಯುವುದಿಲ್ಲ. ಹಾಗಾಗಿ ಎರಡು ವಾರ ಬಿಟ್ಟು ಇನ್ನೊಂದು ಸಲ ಹೊಡೆಸಲೇಬೇಕು. ಓನರ್ ಬಿಟ್ಟಿರುವ ಹಳೇ ಮಂಚ ಇದ್ದರೆ ಸುಮ್ನೆ ವಾಪಸ್ ಕೊಟ್ಟುಬಿಡಿ.

ಮೊದಲು ಬಿರುಕಿಗೆ ಪುಟ್ಟಿ, ಪೇಂಟ್. ಆಮೇಲೆ ಔಷಧಿ. ತಿರುಗಾಮುರುಗಾ ಆದರೆ ಹೊಡೆಸಿದ್ದು ಬಣ್ಣದ ಕೆಳಗೆ ಹೋಗುತ್ತದೆ.

ಇನ್ನೊಂದು ವಿಷಯ: ಖಾಲಿ ಮನೆಯಲ್ಲಿ ಬಚ್ಚಲ ಜಾಲರಿಯ ಕೆಳಗಿನ ನೀರು ಒಣಗಿ, ಚರಂಡಿ ಜಿರಳೆ ನೇರ ಮೇಲೆ ಬರುತ್ತವೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಲು ವಾಚ್‌ಮನ್‌ಗೆ ಹೇಳಿ.